ಸುಖ ಕುಗ್ಗಿದರೂ ಬಯಕೆ ಏಕೆ ಉಳಿಯುತ್ತದೆ? ವ್ಯಸನ ಸಂಶೋಧನೆಯ ಕುರಿತು ಅಧ್ಯಯನ ಟಿಪ್ಪಣಿ

ಹಲವು ವರ್ಷ ಸಿಗರೇಟು ಸೇದಿದವರು ಅಥವಾ ಮದ್ಯಕ್ಕೆ ಅಂಟಿಕೊಂಡವರು, 'ಈಗ ಅದರಿಂದ ಖುಷಿಯೇನೂ ಸಿಗುವುದಿಲ್ಲ, ಆದರೂ ಬಿಡಲಾಗುತ್ತಿಲ್ಲ' ಎಂದು ಹೇಳುವುದುಂಟು. ಸುಖಕ್ಕಾಗಿಯೇ ಮನುಷ್ಯ ವ್ಯಸನಕ್ಕೆ ಬೀಳುತ್ತಾನೆ ಎನ್ನುವುದಾದರೆ ಈ ಮಾತಿಗೆ ಅರ್ಥವಿರಬಾರದು. ಈ ವಿಷಯವನ್ನು ಓದುವಾಗ ನನಗೆ ದಾರಿ ತೋರಿದ್ದು ಇದೊಂದೇ ಪ್ರಶ್ನೆ. (ಕನ್ನಡದಲ್ಲಿ 'ವ್ಯಸನ' ಎಂಬ ಪದಕ್ಕೆ ದುಃಖ ಎಂಬ ಅರ್ಥವೂ ಇರುವುದು ಇಲ್ಲಿ ನೆನಪಾಗುತ್ತದೆ.)

1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮೆದುಳಿನೊಳಗೆ ಸೂಕ್ಷ್ಮ ತಂತಿಗಳನ್ನಿರಿಸಿ, ಸನ್ನೆಕೋಲನ್ನು ಒತ್ತಿದಾಗಲೆಲ್ಲ ಅಲ್ಲಿಗೆ ಸಣ್ಣ ವಿದ್ಯುತ್ ಪ್ರಚೋದನೆ ಸಿಗುವಂತೆ ಮಾಡಿದರು. ಇಲಿಗಳು ಬಿಡದೆ ಒತ್ತುತ್ತಲೇ ಇದ್ದವು. ಮೆದುಳಿನ 'ಸುಖಕೇಂದ್ರ' ಸಿಕ್ಕಿತೆಂದು ಆಗ ಹಲವರು ಭಾವಿಸಿದರು. ಮುಂದೆ, ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್‌ಗೆ 'ಸುಖದ ರಾಸಾಯನಿಕ' ಎಂಬ ಹೆಸರೂ ಅಂಟಿಕೊಂಡಿತು. ಜನಪ್ರಿಯ ಬರಹಗಳಲ್ಲಿ ಈ ಹೆಸರು ಇಂದಿಗೂ ಅಳಿದಿಲ್ಲವಾದ್ದರಿಂದ ಕಲಿಯುವವರು ಮೊದಲು ಅದನ್ನೇ ಸಂದೇಹದಿಂದ ನೋಡಬೇಕು. ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು ಇಲಿಗಳ ಮೆದುಳಿನ ಡೋಪಮೈನನ್ನು ಬಹುಪಾಲು ನಾಶಮಾಡಿ ನೋಡಿದಾಗ, ಅವು ಎದುರಿಗಿದ್ದ ಆಹಾರದತ್ತ ತಾವಾಗಿ ಹೋಗುತ್ತಿರಲಿಲ್ಲ. ಆದರೆ ಸಿಹಿ ದ್ರವವನ್ನು ಬಾಯಿಗೆ ಬಿಟ್ಟರೆ ಮೊದಲಿನಂತೆಯೇ ತುಟಿ ಚಪ್ಪರಿಸುತ್ತಿದ್ದವು. ಅಂದರೆ ರುಚಿಯ ಸುಖ ಉಳಿದಿತ್ತು, ಅದನ್ನು ಅರಸುವ ತವಕ ಹೋಗಿತ್ತು. ಇದರ ಆಧಾರದ ಮೇಲೆ ಟೆರ್ರಿ ರಾಬಿನ್ಸನ್ ಮತ್ತು ಬೆರಿಡ್ಜ್ 1993ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇಷ್ಟು: ಮಾದಕವಸ್ತು ಮತ್ತೆ ಮತ್ತೆ ಸೇರಿದಂತೆ ಬಯಕೆಯ ವ್ಯವಸ್ಥೆ ಹೆಚ್ಚು ಹೆಚ್ಚು ಸೂಕ್ಷ್ಮವಾಗುತ್ತ ಹೋಗುತ್ತದೆ, ಸುಖ ಮಾತ್ರ ಅದರೊಂದಿಗೆ ಬೆಳೆಯುವುದಿಲ್ಲ, ಕುಗ್ಗಲೂಬಹುದು.

ವೋಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಇನ್ನೊಂದು ಎಳೆಯನ್ನು ಸೇರಿಸುತ್ತವೆ. ನಿರೀಕ್ಷಿಸದೆ ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ನರಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುನ್ನ ಒಂದು ಸೂಚನೆ ಸಿಗುತ್ತದೆಂಬುದನ್ನು ಕೋತಿ ಕಲಿತ ಮೇಲೆ ಆ ಚುರುಕು ರಸದಿಂದ ಸೂಚನೆಗೆ ಸರಿಯಿತು. ಬೆಂಕಿಪೊಟ್ಟಣವೋ ಸಿರಿಂಜೋ ಹಳೆಯ ಗೆಳೆಯನ ದನಿಯೋ ಎದುರಾದೊಡನೆ ತುಡಿತ ಹೊತ್ತಿಕೊಳ್ಳುವುದನ್ನು ಈ ಬೆಳಕಿನಲ್ಲಿ ಅರ್ಥಮಾಡಿಕೊಳ್ಳಬಹುದು. ಇನ್ನೂ ಕುತೂಹಲದ ಸಂಗತಿ 2001ರಲ್ಲಿ ಪ್ರಕಟವಾದ ಪ್ರಯೋಗದ್ದು. ಕೊಕೇನ್ ನಿಂತು ಎರಡು ತಿಂಗಳಾದ ಇಲಿಗಳು ಅದರ ಸೂಚನೆಗೆ ತೋರಿದ ಪ್ರತಿಕ್ರಿಯೆ, ನಿಂತ ಮರುದಿನ ತೋರಿದ್ದಕ್ಕಿಂತ ಬಲವಾಗಿತ್ತು. ಕಾಲ ಕಳೆದಂತೆ ತುಡಿತ ತಾನಾಗಿ ಆರುತ್ತದೆಂಬ ನಮ್ಮ ಸಾಮಾನ್ಯ ಊಹೆಗೆ ಇದು ವಿರುದ್ಧವಾಗಿದೆ. ಬಿಟ್ಟಿರುವ ಅವಧಿಯಲ್ಲಿ ಮಾದಕವಸ್ತುವನ್ನು ದೇಹ ತಾಳಿಕೊಳ್ಳುವ ಶಕ್ತಿಯೂ ಇಳಿದಿರುವುದರಿಂದ, ಓಪಿಯಾಯ್ಡ್ (ಹೆರಾಯಿನ್‌ನಂಥ ಅಫೀಮು ಬಗೆಯ ವಸ್ತು) ಬಿಟ್ಟವರು ಹಳೆಯ ಪ್ರಮಾಣಕ್ಕೇ ಮರಳಿದರೆ ಉಸಿರು ನಿಂತು ಸಾಯುವ ಅಪಾಯ ಹೆಚ್ಚು. ಕೆಲವು ದಿನ ನಂಜಿಳಿಸಿ ಮನೆಗೆ ಕಳಿಸಿದರೆ ಚಿಕಿತ್ಸೆ ಮುಗಿಯಿತೆನ್ನಲಾಗದು. ಅದೇ ಗುಂಪಿಗೆ ಸೇರಿದ ಔಷಧಗಳಾದ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಚಿಕಿತ್ಸೆಯನ್ನು ದೀರ್ಘಕಾಲ ಮುಂದುವರಿಸಿದಾಗ ಸಾವಿನ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. 'ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುವುದು' ಎಂಬ ಆಕ್ಷೇಪಕ್ಕೆ ಈ ಅಂಶವೇ ಉತ್ತರವೆಂದು ನನ್ನ ಅಭಿಪ್ರಾಯ.

ಇಷ್ಟನ್ನು ಮಾತ್ರ ಓದಿದರೆ ವ್ಯಸನಿಯ ಮೆದುಳು ಬಲೆಗೆ ಬಿದ್ದ ಯಂತ್ರದಂತೆ ತೋರುತ್ತದೆ. ಆದರೆ 2007ರಲ್ಲಿ ಸೆರ್ಜ್ ಅಹ್ಮದ್ ಅವರ ತಂಡ ಇಲಿಗಳ ಮುಂದೆ ಒಂದೆಡೆ ಕೊಕೇನ್, ಇನ್ನೊಂದೆಡೆ ಸ್ಯಾಕರಿನ್ ಎಂಬ ಕೃತಕ ಸಿಹಿ ಬೆರೆಸಿದ ನೀರು ಇಟ್ಟಾಗ ಶೇ 94ರಷ್ಟು ಇಲಿಗಳು ಸಿಹಿನೀರನ್ನೇ ಆರಿಸಿದವು. 2018ರಲ್ಲಿ ಮಾರ್ಕೊ ವೆನ್ನಿರೊ ಮತ್ತು ಯಾವಿನ್ ಶಹಮ್ ಅವರ ಪ್ರಯೋಗದಲ್ಲಿ, ಮೆಥಾಂಫೆಟಮೈನ್ ಎಂಬ ಉತ್ತೇಜಕ ಮಾದಕವಸ್ತುವಿಗೆ ಒಗ್ಗಿದ್ದ ಇಲಿಗಳೂ ಮಾದಕವಸ್ತುವನ್ನು ಬಿಟ್ಟು ಇನ್ನೊಂದು ಇಲಿಯ ಸಹವಾಸದ ಬಾಗಿಲನ್ನು ತೆರೆದವು. ಇಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಆ ಸಹವಾಸ ಸಿಗುವುದನ್ನು ತಡಮಾಡಿದಾಗ ಅಥವಾ ಅದರ ಜೊತೆ ಶಿಕ್ಷೆ ಸೇರಿಸಿದಾಗ ಇಲಿಗಳು ಮತ್ತೆ ಮಾದಕವಸ್ತುವಿನತ್ತ ವಾಲಿದವು. ಮನುಷ್ಯರಲ್ಲಿ ಇದಕ್ಕೆ ಹತ್ತಿರವಾದದ್ದು ಲೀ ರಾಬಿನ್ಸ್ ಅವರ ಅಧ್ಯಯನ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲೊಬ್ಬರು ಅಲ್ಲಿ ಹೆರಾಯಿನ್‌ನಂಥ ವಸ್ತುಗಳಿಗೆ ವ್ಯಸನಿಗಳಾಗಿದ್ದರು. ಸ್ವದೇಶಕ್ಕೆ ಮರಳಿದ ಮೂರು ವರ್ಷಗಳಲ್ಲಿ ಅವರ ಪೈಕಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ 12ರಷ್ಟು ಮಾತ್ರ.

ಹಾಗಾದರೆ ವ್ಯಸನವು ಮೆದುಳಿನ ರೋಗವೋ, ಪರಿಸರದ ಫಲವೋ? 1997ರಲ್ಲಿ ಅಮೆರಿಕದ ರಾಷ್ಟ್ರೀಯ ಮಾದಕವಸ್ತು ದುರ್ಬಳಕೆ ಸಂಶೋಧನಾ ಸಂಸ್ಥೆಯ ಅಂದಿನ ನಿರ್ದೇಶಕ ಅಲನ್ ಲೆಶ್ನರ್ ರೋಗವೆಂದು ವಾದಿಸಿದಂದಿನಿಂದ ಈ ಜಗಳ ನಡೆದೇ ಇದೆ. ಎರಡೂ ಕಡೆಯವರು ಅರ್ಧ ಪುರಾವೆಯನ್ನು ಹಿಡಿದು ವಾದಿಸುತ್ತಾರೆಂದೇ ನನಗೆ ಅನ್ನಿಸಿದೆ. ಮೆದುಳಿನ ಚಿತ್ರಗಳನ್ನು ಓದುವಾಗಲಂತೂ ಎಚ್ಚರ ಬೇಕು. 2024ರ ಕೊನೆಯಲ್ಲಿ ಸುಮಾರು 9,800 ಮಕ್ಕಳ ಮಾಹಿತಿಯನ್ನು ವಿಶ್ಲೇಷಿಸಿ ಪ್ರಕಟಿಸಿದ ಅಧ್ಯಯನವು, ಮಾದಕವಸ್ತುವಿನ ಫಲವೆಂದು ನಾವು ತಿಳಿಯಬಹುದಾಗಿದ್ದ ಮೆದುಳಿನ ಕೆಲವು ವ್ಯತ್ಯಾಸಗಳು ಬಳಕೆ ಶುರುವಾಗುವ ಮೊದಲೇ ಇದ್ದವೆಂದು ತೋರಿಸಿತು.

ಚಿಕಿತ್ಸೆಯಲ್ಲಿ ಪರಿಸರ, ಮೆದುಳು ಎಂಬ ಈ ಎರಡು ಎಳೆಗಳೂ ಕಾಣುತ್ತವೆ. ಮೂತ್ರಪರೀಕ್ಷೆಯಲ್ಲಿ ಮಾದಕವಸ್ತು ಕಾಣದಿದ್ದರೆ ಕೂಡಲೇ ಸಣ್ಣ ಬಹುಮಾನ ಕೊಡುವ ಕ್ರಮ, ಕೊಕೇನ್ ಮತ್ತು ಮೆಥಾಂಫೆಟಮೈನ್ ವ್ಯಸನಕ್ಕೆ ಅತ್ಯಂತ ಬಲವಾದ ಪುರಾವೆಯಿರುವ ಚಿಕಿತ್ಸೆಗಳಲ್ಲೊಂದು; 'ಕೂಡಲೇ' ಎಂಬುದರ ಮಹತ್ವವನ್ನು ವೆನ್ನಿರೊ ಅವರ ಇಲಿಗಳು ಆಗಲೇ ಹೇಳಿವೆ. ಇನ್ನೊಂದು ಕಡೆ, ಮಧುಮೇಹ ಮತ್ತು ಬೊಜ್ಜಿಗೆ ಬಳಸುವ ಸೆಮಗ್ಲುಟೈಡ್ ಔಷಧವನ್ನು ಮದ್ಯವ್ಯಸನವಿರುವ 48 ಜನರಲ್ಲಿ 9 ವಾರ ಪರೀಕ್ಷಿಸಿದ ಫಲಿತಾಂಶ 2025ರಲ್ಲಿ ಹೊರಬಂತು. ಔಷಧ ಪಡೆದವರಲ್ಲಿ ತುಡಿತ ಇಳಿಯಿತು, ಕುಡಿದ ದಿನ ಕುಡಿಯುವ ಪ್ರಮಾಣವೂ ತಗ್ಗಿತು. ಆದರೆ ಕುಡಿಯುವ ದಿನಗಳ ಸಂಖ್ಯೆ ಔಷಧವಿಲ್ಲದ ಹುಸಿ ಚುಚ್ಚುಮದ್ದು ಪಡೆದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಸುದ್ದಿಗಳಲ್ಲಿ ಮೊದಲಿನೆರಡು ಮಾತುಗಳೇ ಎದ್ದು ಕಂಡರೂ, ಬಯಕೆಯನ್ನು ತಗ್ಗಿಸುವುದಕ್ಕೂ ಗ್ಲಾಸನ್ನು ಕೈಗೆತ್ತಿಕೊಳ್ಳದಂತೆ ಮಾಡುವುದಕ್ಕೂ ನಡುವೆ ಇರುವ ಅಂತರ ಮೂರನೆಯದರಲ್ಲಿದೆ, ಮತ್ತು ದೊಡ್ಡ ಪರೀಕ್ಷೆಗಳು ಅಳೆಯಬೇಕಾದದ್ದು ಅದನ್ನೇ.