ಮೈ ಚೇತರಿಸಿಕೊಳ್ಳುವಾಗ ಕಣ್ಣು ಮಂಜಾದರೆ

ಎಚ್‌ಐವಿ ಇರುವವರೊಬ್ಬರು ಆ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಶುರು ಮಾಡಿ ಕೆಲವು ತಿಂಗಳಾಗಿದೆ ಅಂದುಕೊಳ್ಳಿ. ತೂಕ ಏರಿದೆ. ರಕ್ತದಲ್ಲಿ ವೈರಸ್ ಇಳಿದಿದೆ, ಸಿಡಿ4 ಕೌಂಟ್, ಅಂದರೆ ರಕ್ತದಲ್ಲಿನ ಒಂದು ಬಗೆಯ ರಕ್ಷಣಾ ಕೋಶಗಳ ಲೆಕ್ಕ, ಮೇಲೆ ಬಂದಿದೆ. ಅಷ್ಟರಲ್ಲಿ ಕಣ್ಣು ಮಂಜಾಗತೊಡಗುತ್ತದೆ. ಮಾತ್ರೆ ಹಿಡಿಸುತ್ತಿಲ್ಲವೇನೋ ಎಂದು ಯಾರಿಗಾದರೂ ಭಯವಾಗುತ್ತದೆ. ವಿಚಿತ್ರವೆಂದರೆ, ಕೆಲವರಲ್ಲಿ ಹೀಗಾಗುವುದು ಮಾತ್ರೆ ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ.

ಇದರ ಬೇರು ಇರುವುದು ಸಿಎಂವಿ, ಅಂದರೆ ಸೈಟೋಮೆಗಾಲೋ ಎಂಬ ಇನ್ನೊಂದು ವೈರಸ್‌ನಲ್ಲಿ. ನಮ್ಮಲ್ಲಿ ಬಹುಪಾಲು ದೊಡ್ಡವರ ಮೈಯಲ್ಲಿ ಅದು ಸುಮ್ನೆ ಮಲಗಿರುತ್ತದೆ. ಸಿಡಿ4 ಕೌಂಟ್ 50ಕ್ಕಿಂತ ಕೆಳಗೆ ಹೋದರೆ ಎಚ್ಚೆತ್ತು ಕಣ್ಣಿನ ಹಿಂಭಾಗದ ರೆಟಿನಾವನ್ನು ಹಾಳುಮಾಡುತ್ತದೆ. ನೋವಿಲ್ಲ, ಸಾಮಾನ್ಯವಾಗಿ ಕಣ್ಣು ಕೆಂಪಾಗುವುದೂ ಇಲ್ಲ. ಹಾಗಾಗಿಯೇ ತಡವಾಗಿ ಗೊತ್ತಾಗುತ್ತದೆ. 1996ರ ಸುಮಾರಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬರುವ ಮುಂಚೆ, ಅಮೆರಿಕದ ಏಡ್ಸ್ ರೋಗಿಗಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಇದು ಬರುತ್ತಿತ್ತು. ಇದಕ್ಕೆಂದೇ 1998ರಲ್ಲಿ ಫೋಮಿವಿರ್ಸೆನ್ ಎಂಬ ಔಷಧಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ನೇರವಾಗಿ ಕಣ್ಣಿನೊಳಗೇ ಚುಚ್ಚುವ ಔಷಧ ಅದು. ಅಷ್ಟು ಹೊತ್ತಿಗೆ ಹೊಸ ಚಿಕಿತ್ಸೆಯಿಂದ ರೋಗಿಗಳೇ ಕಡಿಮೆಯಾಗಿ, ಮುಂದೆ ಅದು ಮಾರುಕಟ್ಟೆಯಿಂದ ಹೊರಬಿತ್ತು. ಔಷಧವೊಂದು ಮೂಲೆಗೆ ಸರಿಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ!

ಆದರೆ ಅದೇ ಹೊತ್ತಿಗೆ ವೈದ್ಯರ ಕಣ್ಣಿಗೆ ಹೊಸದೊಂದು ತೊಂದರೆ ಬಿತ್ತು. ಸಿಎಂವಿ ಹುಣ್ಣು ಮಾಗಿದ ಜಾಗದಲ್ಲಿ ವೈರಸ್‌ನ ತುಣುಕುಗಳು ಉಳಿದಿರುತ್ತವೆ. ಸೊರಗಿದ ಮೈಗೆ ಅವನ್ನು ಗಮನಿಸುವ ತಾಕತ್ತು ಇರಲಿಲ್ಲ. ಶಕ್ತಿ ಮರಳಿದ ಮೇಲೆ ರಕ್ಷಣಾ ಕೋಶಗಳು ಆ ತುಣುಕುಗಳ ಮೇಲೆ ಮುಗಿಬೀಳುತ್ತವೆ, ಕಣ್ಣೊಳಗೆ ಉರಿಯೂತ ಏಳುತ್ತದೆ. ಇದಕ್ಕೆ ಇಮ್ಯೂನ್ ರಿಕವರಿ ಯುವಿಯೈಟಿಸ್ ಎಂದು ಹೆಸರು. ಕಣ್ಣ ಮುಂದೆ ಚುಕ್ಕೆಗಳು ತೇಲುತ್ತವೆ. ಓದಲು, ಮುಖ ಗುರುತಿಸಲು ಬೇಕಾದ ರೆಟಿನಾದ ನಟ್ಟನಡುವಿನ ಭಾಗ ನೀರು ತುಂಬಿ ಊದಿಕೊಳ್ಳುತ್ತದೆ. ದೃಷ್ಟಿ ಜಾಸ್ತಿ ಹಾಳಾಗುವುದು ಇದರಿಂದಲೇ. ಮೊದಲಿನ ಹುಣ್ಣು ದೊಡ್ಡದಿದ್ದಷ್ಟೂ ಅಪಾಯ ಹೆಚ್ಚು.

ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಸರ್ಕಾರದ ಉಚಿತ ಎಆರ್‌ಟಿ ಶುರುವಾಗಿದ್ದು 2004ರ ಏಪ್ರಿಲ್‌ನಲ್ಲಿ. 2017ರಿಂದ ಸಿಡಿ4 ಎಷ್ಟೇ ಇರಲಿ, ಎಲ್ಲರಿಗೂ ಮಾತ್ರೆ ಸಿಗುತ್ತದೆ. ಆದರೂ ಕೌಂಟ್ ತೀರಾ ಕುಸಿದ ಮೇಲೆ ಬರುವವರು ಇದ್ದೇ ಇದ್ದಾರೆ. ಅಂಥವರಿಗೆ ಮಾತ್ರೆ ಶುರು ಮಾಡುವ ಹೊತ್ತಿಗೇ ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿಸಿ ರೆಟಿನಾ ನೋಡಿಬಿಡಬೇಕು. ಕಣ್ಣು ಮಂಜಾಯಿತೆಂದು ತಾವೇ ಮಾತ್ರೆ ನಿಲ್ಲಿಸುವುದಂತೂ ದೊಡ್ಡ ತಪ್ಪು.

ಈ ಉರಿಯೂತಕ್ಕೆ ಸಾಮಾನ್ಯವಾಗಿ ಸ್ಟೀರಾಯ್ಡ್ ಕೊಡುತ್ತಾರೆ. ಹಾಗಂತ ಕಣ್ಣು ನೋಡಿದ ತಕ್ಷಣ ಕೊಡುವಂತಿಲ್ಲ. ಎಚ್‌ಐವಿ ಇರುವವರಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಕೂಡ ಇದೇ ಥರ ಕಣ್ಣು ಮಂಜಾಗಿಸಬಹುದು, ಅದೂ ಸಿಡಿ4 ಚೆನ್ನಾಗಿರುವಾಗಲೇ. ಅದಕ್ಕೆ ಬೇಕಿರುವುದು ಪೆನಿಸಿಲಿನ್. ಬರೀ ಸ್ಟೀರಾಯ್ಡ್ ಕೊಟ್ಟರೆ ರೋಗ ಒಳಗೊಳಗೇ ಬೆಳೆಯಬಹುದು. ಅದಕ್ಕೇ ಮೊದಲು ರಕ್ತಪರೀಕ್ಷೆ ಆಗಬೇಕು.