ವೇಬ್ರಿಡ್ಜ್ ಕಂಪ್ಯೂಟರಿನ ವಿಂಡೋಸ್ ಹಳೆಯದಾಗಿಯೇ ಉಳಿಯುವುದು ಯಾಕೆ?

'ವ್ಯಾಪಾರಸ್ಥರು ಆಪರೇಟಿಂಗ್ ಸಿಸ್ಟಂ ಬದಲಿಸುವುದನ್ನು ಯಾಕೆ ಮುಂದೂಡುತ್ತಾರೆ?' ಎಂಬ ಪ್ರಶ್ನೆಗೆ ಖರ್ಚು, ತರಬೇತಿ, ಉದಾಸೀನ ಎಂದು ಬರೆದು ಮುಗಿಸುವವರೇ ಹೆಚ್ಚು. ಅದು ಅರ್ಧ ಉತ್ತರ. ಉಳಿದರ್ಧ ಕಂಪ್ಯೂಟರಿನ ಹಿಂಬದಿಯ ಪೋರ್ಟುಗಳಲ್ಲಿದೆ.

ಮಂಡ್ಯದ ಕಡೆಯ ಒಂದು ಅಕ್ಕಿ ಗಿರಣಿಯ ವೇಬ್ರಿಡ್ಜನ್ನೇ (ಲಾರಿಯನ್ನು ಇಡಿಯಾಗಿ ತೂಗುವ ತಕ್ಕಡಿ) ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಲಾರಿ ಹತ್ತಿದಾಗ ತೂಕ ಗ್ರಹಿಸುವ ಲೋಡ್ ಸೆಲ್ಲಿನ ಸಂಕೇತ, ಅಂಕಿ ತೋರಿಸುವ ಇಂಡಿಕೇಟರಿಗೆ ಹೋಗುತ್ತದೆ. ಅಲ್ಲಿಂದ 9 ಪಿನ್ನಿನ ಸೀರಿಯಲ್ ಕೇಬಲ್ ಮೂಲಕ ಕಾಮ್ 1 ಪೋರ್ಟಿಗೆ, ಅಲ್ಲಿಂದ ಡಾಸ್ (ವಿಂಡೋಸ್‌ಗೂ ಹಿಂದಿನ ಆಪರೇಟಿಂಗ್ ಸಿಸ್ಟಂ) ಕಾಲದ, ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದ ಪ್ರೋಗ್ರಾಮಿಗೆ, ಕೊನೆಗೆ ಪ್ಯಾರಲಲ್ ಪೋರ್ಟಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ. ಚೀಟಿಗೆ ಮೂರು ಪ್ರತಿ ಬೇಕು: ರೈತರಿಗೊಂದು, ಲಾರಿಗೊಂದು, ಗಿರಣಿಗೊಂದು. ಕಾರ್ಬನ್ ಪ್ರತಿ ಲೇಸರ್ ಪ್ರಿಂಟರಿನಲ್ಲಿ ಬರುವುದಿಲ್ಲ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ರಸ್ತೆಯವರೆಗೆ ಸಾಲು ನಿಲ್ಲುತ್ತವೆ. 'ನಡೀತಾ ಅದಲ್ಲ, ಯಾಕೆ ಮುಟ್ಟಬೇಕು' ಎನ್ನುವ ಮಾಲೀಕರು ಸೋಮಾರಿಗಳಲ್ಲ. ಅವರ ಲೆಕ್ಕಕ್ಕೆ ಆಧಾರವಿದೆ.

ಈಗ ತಾಂತ್ರಿಕ ಕಾರಣ. ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ 32 ಬಿಟ್ ವಿಂಡೋಸ್ 10ರಲ್ಲಿ ಓಡುತ್ತದೆ, 64 ಬಿಟ್ಟಿನಲ್ಲಿ ಓಡುವುದಿಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 32ರಿಂದ 64ಕ್ಕೆ ಇದ್ದಲ್ಲೇ ಅಪ್‌ಗ್ರೇಡ್ ಮಾಡಲೂ ಆಗದು. ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳದ್ದೂ ಇದೇ ಕಥೆ, 32 ಬಿಟ್ ಡ್ರೈವರ್ 64 ಬಿಟ್ಟಿಗೆ ಸೇರದು. ಪ್ರೋಗ್ರಾಂ ಬರೆದವರು ಕಸುಬು ಬಿಟ್ಟಿದ್ದು, ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರಹ) ಯಾರ ಬಳಿಯೂ ಇಲ್ಲದಿದ್ದರೆ ಉಳಿಯುವುದು ಡಾಸ್‌ಬಾಕ್ಸ್ ಎಕ್ಸ್ ಥರದ ಎಮ್ಯುಲೇಟರ್, ಅಂದರೆ ಹೊಸ ಯಂತ್ರದಲ್ಲಿ ಡಾಸನ್ನು ಅನುಕರಿಸುವ ತಂತ್ರಾಂಶ. ಮೂಲ ಡಾಸ್‌ಬಾಕ್ಸ್ ಆಟಗಳಿಗೆಂದು ಮಾಡಿದ್ದು, ಅದರಲ್ಲಿ ಪ್ರಿಂಟರ್ ವ್ಯವಸ್ಥೆ ಇಲ್ಲ.

ಹೊಸ ಕಂಪ್ಯೂಟರಿನಲ್ಲಿ ಸೀರಿಯಲ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಕನ್ವರ್ಟರ್ ಹಾಕುತ್ತೇವೆ. ಹೆಚ್ಚು ಜನ ಎಡವುವುದು ಇಲ್ಲೇ. ಕನ್ವರ್ಟರ್ ಕಾಮ್ 5 ಎಂದು ಕೂರುತ್ತದೆ, ಹಳೆ ಪ್ರೋಗ್ರಾಂ ಕಾಮ್ 1 ಬಿಟ್ಟು ಬೇರೆಡೆ ನೋಡುವುದಿಲ್ಲ. ಡಿವೈಸ್ ಮ್ಯಾನೇಜರ್, ಪೋರ್ಟ್ಸ್, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಹೀಗೆ ಹೋಗಿ ಸಂಖ್ಯೆಯನ್ನು ಕಾಮ್ 1 ಮಾಡಿ. ತೂಕದ ಬದಲು ಅರ್ಥವಿಲ್ಲದ ಅಕ್ಷರಗಳು ಬಂದರೆ ಬಾಡ್ ರೇಟ್ (ಮಾಹಿತಿ ಸಾಗುವ ವೇಗ) ಅಥವಾ ಪ್ಯಾರಿಟಿ (ತಪ್ಪು ಪತ್ತೆಯ ಬಿಟ್) ಇಂಡಿಕೇಟರಿನದಕ್ಕೆ ಹೊಂದಿಲ್ಲ ಎಂದರ್ಥ. ಕನ್ವರ್ಟರಿನಲ್ಲಿ ಪ್ರೊಲಿಫಿಕ್ ಕಂಪನಿಯ ಹಳೆ ಚಿಪ್ಪಿದ್ದರೆ, ಇಲ್ಲವೇ ಅದರ ನಕಲಿಯಿದ್ದರೆ, ಹೊಸ ಡ್ರೈವರ್ ಅದನ್ನು ನಿರಾಕರಿಸಿ ಕೋಡ್ 10 ಎಂಬ ದೋಷ ತೋರಿಸುವುದುಂಟು.

ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ? 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಘಟಕ), ಯುಇಎಫ್ಐ (ಕಂಪ್ಯೂಟರನ್ನು ಆರಂಭಿಸುವ ಬಯಾಸ್ ತಂತ್ರಾಂಶದ ಹೊಸ ರೂಪ) ಬೇಕು. ಇಂಟೆಲ್ ಕೋರ್ ಸಾಲಿನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮುಂದಿನವು ನಡೆಯುತ್ತವೆ: ಐ5 8400 ಪಾಸು, ಐ5 7400 ಫೇಲು. ಟಿಪಿಎಂ ಇಲ್ಲವೆಂದು ತೋರಿಸಿದರೆ ಕೂಡಲೇ ಕೈಬಿಡಬೇಡಿ, ಬಯಾಸ್‌ನಲ್ಲಿ ಆಫ್ ಆಗಿರಬಹುದು. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದಿರುತ್ತದೆ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಇದ್ದರೆ ಬಯಾಸ್ ಮುಟ್ಟುವ ಮೊದಲು ಸಸ್ಪೆಂಡ್ ಮಾಡಿ. ಇಲ್ಲವಾದರೆ ರಿಕವರಿ ಕೀ ಕೇಳಿಕೊಂಡು ನಿಲ್ಲುತ್ತದೆ.

ಕನ್ನಡದ ಕಡತಗಳನ್ನು ಮರೆಯಬಾರದು. ನುಡಿ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ (ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ಕೂರಿಸಿದ ಹಳೆ ಬಗೆ) ಟೈಪಿಸಿದ ಪತ್ರಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಫಾಂಟ್ ಉಳಿಸಿಕೊಳ್ಳಿ, ಬಿಡುವಿನಲ್ಲಿ ಯೂನಿಕೋಡಿಗೆ ಪರಿವರ್ತಿಸಿ.

ಕೆಲಸ ಮಾಡುವ ಕ್ರಮದಲ್ಲಿ ಒಂದು ಮಾತು ಮುಖ್ಯ: ಹಳೆ ಡಿಸ್ಕಿನ ಮೇಲೆ ಏನನ್ನೂ ಪ್ರಯೋಗಿಸಬೇಡಿ. ಅದನ್ನು ಬಿಚ್ಚಿ, ಹೆಸರು ಬರೆದು ಎತ್ತಿಡಿ. ಹೊಸ ಎಸ್‌ಎಸ್‌ಡಿಯಲ್ಲಿ ಕೆಲಸ ಮಾಡಿ. ಕೆಟ್ಟರೆ ಹಳೆಯದನ್ನು ಮರುಜೋಡಿಸಿದರಾಯಿತು. ವಿಂಡೋಸ್‌ನ 'ಹಿಂದಿನ ಆವೃತ್ತಿಗೆ ಮರಳು' ಸೌಲಭ್ಯ ಸಾಮಾನ್ಯವಾಗಿ 10 ದಿನ ಮಾತ್ರ ಇರುತ್ತದೆ, ಅದನ್ನೇ ನಂಬಿ ಕೂರಬಾರದು. ಸುಗ್ಗಿ ಮುಗಿದ ಮೇಲೆ, ಮಾರ್ಚ್ 31ರ ಲೆಕ್ಕದ ಗಡಿಬಿಡಿಯಿಂದಲೂ ದೂರದ ದಿನ ಆರಿಸಿ. ಒಂದಿಡೀ ದಿನ ಖಾಲಿ ಲಾರಿ, ತುಂಬಿದ ಲಾರಿ ಎರಡನ್ನೂ ತೂಗಿ ಚೀಟಿ ತೆಗೆದು, ಇಂಡಿಕೇಟರಿನ ಅಂಕಿಯ ಜೊತೆ ತಾಳೆ ನೋಡಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಂಸ್ಥೆಗಳು ಹಣ ಕೊಟ್ಟು ಅಪ್‌ಡೇಟ್ ಪಡೆಯಬಹುದು: ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಪ್ರತಿ ವರ್ಷ ದುಪ್ಪಟ್ಟು, ಮೂರು ವರ್ಷಕ್ಕೆ 427. ಎರಡನೇ ವರ್ಷ ಸೇರುವವರು ಮೊದಲ ವರ್ಷದ್ದನ್ನೂ ಕಟ್ಟಬೇಕು.

ಬದಲಿಸಲು ಆಗದೇ ಹೋದರೆ ಆ ಯಂತ್ರದ ನೆಟ್‌ವರ್ಕ್ ಕೇಬಲ್ ತೆಗೆಯಿರಿ, ಜಿಎಸ್‌ಟಿ, ಇಮೇಲ್‌ಗಳಿಗೆ ಬೇರೆ ಕಂಪ್ಯೂಟರ್ ಇಡಿ. 2017ರ ಮೇ 12ರಂದು ಹಬ್ಬಿದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ ಬಳಸಿದ ದೋಷಕ್ಕೆ ಮಾರ್ಚ್ 14ರಂದೇ ಪ್ಯಾಚ್ (ದುರಸ್ತಿ ಅಪ್‌ಡೇಟ್) ಬಂದಿತ್ತು. ಹಾಕಿಕೊಳ್ಳದ ಯಂತ್ರಗಳಿಗೆ ಅದು ನೆಟ್‌ವರ್ಕಿನಲ್ಲೇ, ಯಾರೂ ಏನನ್ನೂ ಕ್ಲಿಕ್ ಮಾಡದೆ ದಾಟಿಕೊಂಡಿತು. ತೂಕದ ದಾಖಲೆ ಸಾಗಿಸಲು ಒಂದೇ ಪೆನ್‌ಡ್ರೈವ್ ಮೀಸಲಿಟ್ಟು, ಪ್ರತಿ ಸಲ ಹೊಸ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ನಂತರವೇ ಹಳೆಯದಕ್ಕೆ ಚುಚ್ಚಿ.