ಪಾಲುದಾರಿಕೆ ಹೋಟೆಲಿಗೆ 31%, ದೊಡ್ಡ ಕಂಪನಿಗೆ 25%: ಜನ ಗಲಾಟೆ ಮಾಡಿದರೆ ಬದಲಾಗುತ್ತಾ?

ಪ್ರಶ್ನೆ: ಮಾಟುಂಗಾದಲ್ಲಿ ನಾವು ಮೂವರು ಪಾಲುದಾರರು ಸೇರಿ ಹೋಟೆಲ್ ನಡೆಸುತ್ತಿದ್ದೇವೆ. ಎದುರಿಗೇ ದೊಡ್ಡ ಕಂಪನಿಯೊಂದರ ಕಾಫಿ ಶಾಪ್ ಇದೆ. ಅವರಿಗೆ ನಮಗಿಂತ ಇನ್‌ಕಮ್ ಟ್ಯಾಕ್ಸ್ ಕಡಿಮೆ ಅಂತ ನಮ್ಮ ಸಿಎ ಹೇಳಿದರು. ನಿಜವಾ? ಜನ ಗಟ್ಟಿಯಾಗಿ ಕೇಳಿದರೆ ಇಂಥವರು ಜಾಸ್ತಿ ಕಟ್ಟುತ್ತಾರಾ?

ದರದ ಲೆಕ್ಕದಲ್ಲಿ ನಿಮ್ಮ ಸಿಎ ಹೇಳಿದ್ದು ಸರಿ. ಪಾಲುದಾರಿಕೆ ಸಂಸ್ಥೆಯ ಲಾಭಕ್ಕೆ ಸೆಸ್ ಸೇರಿ 31.2%. ಆದಾಯ 1 ಕೋಟಿ ದಾಟಿದರೆ ಸರ್‌ಚಾರ್ಜ್ ಬಿದ್ದು ಸುಮಾರು 35%. ಕಂಪನಿ ತನ್ನ ವಿನಾಯಿತಿಗಳನ್ನು ಬಿಟ್ಟುಕೊಟ್ಟರೆ ಎಲ್ಲ ಸೇರಿ 25.17%, ಅಷ್ಟೇ. ಈ ಕಡಿತವನ್ನು ನಿರ್ಮಲಾ ಸೀತಾರಾಮನ್ ಘೋಷಿಸಿದ್ದು 2019ರ ಸೆಪ್ಟೆಂಬರ್ 20ರಂದು, ಪಕ್ಕದ ಗೋವಾದಲ್ಲೇ. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಸರ್ಕಾರವೇ ಹೇಳಿತ್ತು. 2023-24ರಲ್ಲಿ ಕಂಪನಿಗಳಿಂದ ಬಂದದ್ದು 9.11 ಲಕ್ಷ ಕೋಟಿ. ಸಂಬಳದವರು, ನಿಮ್ಮಂಥ ಪಾಲುದಾರಿಕೆಗಳು ಮುಂತಾದವರಿಂದ, ಶೇರು ವಹಿವಾಟಿನ ತೆರಿಗೆಯೂ ಸೇರಿ, 10.44 ಲಕ್ಷ ಕೋಟಿ. ಸಿಟ್ಟು ಬರೋದು ಸಹಜ ಅಲ್ವಾ?

ಇನ್ನು ಗಲಾಟೆಯ ವಿಷಯ. ಕಾಫಿ ಅಂದಿರಲ್ಲ, ಬ್ರಿಟನ್ನಿನ ಕಥೆ ಕೇಳಿ. ಸ್ಟಾರ್‌ಬಕ್ಸ್ ಅಲ್ಲಿ 1998ರಿಂದ 300 ಕೋಟಿ ಪೌಂಡಿಗೂ ಹೆಚ್ಚು ವ್ಯಾಪಾರ ಮಾಡಿ, ಲಾಭದ ಮೇಲೆ ಕಟ್ಟಿದ ತೆರಿಗೆ ಬರೀ 86 ಲಕ್ಷ ಪೌಂಡ್ ಅಂತ 2012ರಲ್ಲಿ ರಾಯಿಟರ್ಸ್ ಬರೆಯಿತು. ಬ್ರ್ಯಾಂಡ್ ಹೆಸರಿಗೆ ರಾಯಲ್ಟಿ ಅಂತ ನೆದರ್‌ಲ್ಯಾಂಡ್ಸ್‌ನ ತನ್ನದೇ ಕಂಪನಿಗೆ, ಬೀಜಕ್ಕೆ ಅಂತ ಸ್ವಿಟ್ಜರ್‌ಲ್ಯಾಂಡ್‌ನ ತನ್ನದೇ ಕಂಪನಿಗೆ, ಸಾಲದ ಬಡ್ಡಿ ಅಂತ ಮತ್ತೆ ತನ್ನ ಬಳಗಕ್ಕೇ ದುಡ್ಡು ಕೊಟ್ಟು, ಬ್ರಿಟನ್ನಿನ ಪುಸ್ತಕದಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ನಷ್ಟ ತೋರಿಸುತ್ತಿತ್ತು. ಎಡಗೈಯಿಂದ ಬಲಗೈಗೆ ಬಾಡಿಗೆ ಕಟ್ಟಿದ ಹಾಗೆ. ಕಾನೂನು ಮುರಿದಿರಲಿಲ್ಲ, ಅದೇ ತಮಾಷೆ. ಸಂಸತ್ತಿನ ಸಮಿತಿ ಕರೆಸಿ ಕೇಳಿತು, ಜನ ಅಂಗಡಿಗಳ ಒಳಗೇ ಪ್ರತಿಭಟನೆಗೆ ಕೂತರು. ಕಂಪನಿ ಎರಡು ವರ್ಷಕ್ಕೆ 2 ಕೋಟಿ ಪೌಂಡ್ ತಾನಾಗೇ ಕೊಡ್ತೀನಿ ಅಂತು.

ನನಗೆ ಇದು ಗೆಲುವು ಅನ್ನಿಸೋದಿಲ್ಲ. ಎಷ್ಟು ಕೊಡಬೇಕು ಅಂತ ಕೊಡುವವನೇ ಹೇಳಿದರೆ ಅದು ತೆರಿಗೆ ಅಲ್ಲ, ದೇಣಿಗೆ. ಗಲಾಟೆಯ ನಿಜವಾದ ಫಲ ನಿಧಾನಕ್ಕೆ ಬಂತು. 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು, ಭಾರತವೂ ಸೇರಿ, ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ 15% ತೆರಿಗೆ ಅಂತ ಒಪ್ಪಿದವು. 2025ರಲ್ಲಿ ಟ್ರಂಪ್ ಬಂದು ಆ ಒಪ್ಪಂದ ಅಮೆರಿಕಕ್ಕೆ ಅನ್ವಯಿಸೋದಿಲ್ಲ ಅಂದರು, ಅದು ಬೇರೆ ಮಾತು.

ಹಾಗಾಗಿ ಎದುರಿನ ಶಾಪಿನ ಹುಡುಗರ ಹತ್ತಿರ ಜಗಳ ಬೇಡ. ಈ ದರ ಇರೋದು ಕಾನೂನಿನಲ್ಲಿ, ಕೇಳಬೇಕಾದ್ದು ನಿಮ್ಮ ಎಂಪಿಯನ್ನು. ಬಜೆಟ್‌ಗೆ ಮುಂಚೆ ಹಣಕಾಸು ಸಚಿವಾಲಯ ವ್ಯಾಪಾರಿ ಸಂಘಗಳ ಸಲಹೆ ಕೇಳುತ್ತೆ. ಮುಂಬಯಿಯ ಹೋಟೆಲ್ ಮಾಲೀಕರ ಸಂಘ ಆಹಾರ್‌ನಲ್ಲಿ ನಮ್ಮೂರ ಕಡೆಯವರು ಬೇಕಾದಷ್ಟು ಜನ ಇದ್ದಾರೆ, ಅವರ ಮೂಲಕ ಬರೆಸಿ.

ಹಾಗಾದರೆ ನಾವೂ ಪ್ರೈವೇಟ್ ಲಿಮಿಟೆಡ್ ಆಗೋಣವಾ ಅಂತೀರಾ? ಅವಸರ ಬೇಡ. ಈಗ ಸಂಸ್ಥೆ ತೆರಿಗೆ ಕಟ್ಟಿದ ಮೇಲೆ ನಿಮ್ಮ ಪಾಲಿನ ಲಾಭಕ್ಕೆ ಮತ್ತೆ ತೆರಿಗೆ ಇಲ್ಲ. ಕಂಪನಿಯಾದರೆ ಡಿವಿಡೆಂಡ್ ಮನೆಗೆ ತರುವಾಗ ಇನ್ನೊಮ್ಮೆ ಕಟ್ಟಬೇಕು, ಆಡಿಟ್ ಖರ್ಚು ಬೇರೆ. ಲಾಭವನ್ನು ಅಲ್ಲೇ ಬಿಟ್ಟು ಹೊಸ ಬ್ರಾಂಚ್ ತೆಗೆಯುವ ಯೋಚನೆ ಇದ್ದರೆ ಮಾತ್ರ ಸಿಎ ಹತ್ತಿರ ಕೂತು ಲೆಕ್ಕ ಹಾಕಿಸಿ.